ಹಳೆಯ ಹಂಚಿನ ಮನೆಗೆ ಸಿಡಿಲಿನ ರಕ್ಷಣೆ: ಕೆಲಸ ನೆಲದಿಂದ ಶುರುವಾಗಲಿ

ಭರಣಿ ಮಳೆಯ ಒಂದು ಸಂಜೆ ನಮ್ಮ ತೋಟದ ಮನೆಯ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರ ಮನೆಯಿಂದ ಹದಿನೈದು ಮಾರು ದೂರ. ಸದ್ಯ ಮನೆ ಉಳಿಯಿತು ಅಂದುಕೊಂಡು ಒಳಗೆ ಬಂದು ನೋಡಿದರೆ ಪಂಪಿನ ಸ್ಟಾರ್ಟರ್, ಇನ್ವರ್ಟರ್, ಇಂಟರ್ನೆಟ್ ಡಬ್ಬಿ ಮೂರೂ ಸತ್ತಿದ್ದವು. ಚಾವಡಿಯ ಸ್ವಿಚ್‌ಬೋರ್ಡ್ ಗೋಡೆ ಬಿಟ್ಟು ಜೋತಾಡುತ್ತಿತ್ತು. ಮಾರನೇ ವಾರ ಬಂದ ಒಬ್ಬರು ಚೀಲದಿಂದ ಐದು ಮೊನೆಯ ತಾಮ್ರದ ತ್ರಿಶೂಲ ತೆಗೆದು, "ಇದನ್ನು ಮಾಡಿನ ಮೇಲೆ ನಿಲ್ಲಿಸಿ ಒಂದು ತಂತಿ ಕೆಳಗೆ ಬಿಟ್ಟರೆ ಮುಗೀತು, ಅರ್ಧ ದಿನದ ಕೆಲಸ" ಎಂದರು. ಆ ಅರ್ಧ ದಿನದ ಕೆಲಸ ಮಾಡಿಸದೇ ಇದ್ದದ್ದು ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ಮಾಡಿನ ಮೇಲೆ ನಿಲ್ಲಿಸುವ ಲೋಹದ ಸಲಾಕೆ (ಲೈಟ್ನಿಂಗ್ ರಾಡ್) ಸಿಡಿಲನ್ನು ತಡೆಯುವುದಿಲ್ಲ, ಓಡಿಸುವುದೂ ಇಲ್ಲ. ಹೇಗೂ ಬೀಳುವ ಸಿಡಿಲನ್ನು ತನ್ನ ಮೇಲೆ ಹಾಕಿಕೊಂಡು ನೆಲಕ್ಕೆ ದಾಟಿಸುತ್ತದೆ, ಅಷ್ಟೆ. ದಾಟಿಸುವ ದಾರಿ ಸರಿಯಿಲ್ಲದಿದ್ದರೆ, ಮರಕ್ಕೋ ಗುಡ್ಡಕ್ಕೋ ಹೋಗಬಹುದಾಗಿದ್ದ ಸಿಡಿಲನ್ನು ನಾವೇ ಅಟ್ಟಕ್ಕೆ ಕರೆದ ಹಾಗೆ. ಹಾಗಾಗಿ ಕೆಲಸದ ಕ್ರಮ ಮೊದಲು ನೆಲ, ಆಮೇಲೆ ಗೋಡೆ, ಕೊನೆಗೆ ಮಾಡು. ಅರ್ಥಿಂಗ್ ಆಗದೆ ಒಂದು ರಾತ್ರಿಯೂ ಸಲಾಕೆ ಮೇಲೆ ನಿಂತಿರಬಾರದು.

ಇಲ್ಲಿ ಹೇಳುತ್ತಿರುವುದು ಮಲೆನಾಡಿನ ಒಂದು ಮಾಮೂಲಿ ಮನೆಯನ್ನು ಇಟ್ಟುಕೊಂಡು: 12 ಮೀಟರ್ ಉದ್ದ, 9 ಮೀಟರ್ ಅಗಲ, ಜಂಬಿಟ್ಟಿಗೆ ಗೋಡೆ, ಮರದ ಪಕಾಸು-ರೀಪಿನ ಮೇಲೆ ಮಂಗಳೂರು ಹಂಚು, ನೆತ್ತಿ ನೆಲದಿಂದ ಆರೂವರೆ ಮೀಟರ್. ಸುತ್ತ ಅಡಿಕೆ, ತೆಂಗು. ನಿಮ್ಮದು ಗುಡ್ಡದ ಮೇಲಿನ ಒಂದೇ ಕೋಣೆಯ ಗುಡಿಸಲಾಗಿದ್ದರೂ ಲೆಕ್ಕ ಇದೇ, ಅಳತೆ ಮಾತ್ರ ಬೇರೆ. ಭಾರತದಲ್ಲಿ ಈ ಕೆಲಸಕ್ಕಿರುವ ಮಾನದಂಡ ಐಎಸ್/ಐಇಸಿ 62305. ಅದರಲ್ಲಿ ರಕ್ಷಣೆಗೆ ನಾಲ್ಕು ಹಂತಗಳಿವೆ. ವಾಸದ ಮನೆಗೆ ಸಾಮಾನ್ಯವಾಗಿ ಮೂರನೆಯದು ಅಥವಾ ನಾಲ್ಕನೆಯದು ಸಾಕು. ಕೆಳಗಿನ ಅಂಕಿಗಳೆಲ್ಲ ಮೂರನೇ ಹಂತದವು.

ಯಾವಾಗ ಮಾಡಿಸಬೇಕು

ಜನವರಿಯಿಂದ ಮಾರ್ಚ್ ಒಳಗೆ. ನಮ್ಮಲ್ಲಿ ಸಿಡಿಲು ಹೆಚ್ಚು ಕಾಡುವುದು ಮುಂಗಾರಿಗೆ ಮುಂಚಿನ ಅಶ್ವಿನಿ, ಭರಣಿ, ಕೃತಿಕಾ ಮಳೆಗಳಲ್ಲಿ ಮತ್ತು ಹಿಂಗಾರಿನ ಚಿತ್ತಾ, ಸ್ವಾತಿಯಲ್ಲಿ. ಜುಲೈಯ ಜಡಿಮಳೆಯಲ್ಲಿ ಗುಡುಗು ಕಡಿಮೆ. ಹಂಚು ಕೈಯಾಡಿಸುವ ಕಾಲವೂ ಬೇಸಿಗೆಯೇ ಆದ್ದರಿಂದ, ಹೇಗೂ ಮಾಡು ಹತ್ತುವವರ ಜೊತೆಗೇ ಈ ಕೆಲಸ ಸೇರಿಸಿಕೊಂಡರೆ ಒಡೆಯುವ ಹಂಚಿನ ಲೆಕ್ಕ ಒಂದೇ ಆಗುತ್ತದೆ. ಇನ್ನೊಂದು ಲಾಭವಿದೆ: ಒಣಗಿದ ನೆಲದಲ್ಲಿ ಅರ್ಥಿಂಗ್ ಅಳೆದರೆ ಸಿಗುವುದು ವರ್ಷದಲ್ಲೇ ಕೆಟ್ಟ ಅಂಕಿ. ಆಗ ಪಾಸಾದರೆ ಯಾವಾಗಲೂ ಪಾಸು.

ಮೊದಲು ಒಂದು ಸುತ್ತು ಹಾಕಿ

ಕೈಯಲ್ಲಿ ಕಾಗದ ಹಿಡಿದು ಮನೆಯ ಸುತ್ತ ನಡೆಯಿರಿ. ಹೊರಗಿನಿಂದ ಮನೆಯೊಳಕ್ಕೆ ಬರುವ ಪ್ರತಿ ಲೋಹವನ್ನೂ ಬರೆದುಕೊಳ್ಳಿ. ಕರೆಂಟಿನ ಸರ್ವಿಸ್ ವೈರ್, ಬೋರ್‌ವೆಲ್‌ನಿಂದ ಬರುವ ಕೇಬಲ್, ಕಬ್ಬಿಣದ ನೀರಿನ ಪೈಪು, ಡಿಶ್ ಆಂಟೆನಾದ ಕೇಬಲ್, ಸೋಲಾರ್ ಬೇಲಿಯ ತಂತಿ. ಫೈಬರ್ ಇಂಟರ್ನೆಟ್ ಗಾಜಿನದು, ಅದಕ್ಕೆ ಸಿಡಿಲಿನ ಭಯವಿಲ್ಲ ಎನ್ನುತ್ತಾರೆ. ಗಾಜಿಗೆ ಭಯವಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್‌ಗಳಲ್ಲಿ ಜೋತು ಬೀಳದಿರಲಿ ಎಂದು ಉಕ್ಕಿನ ತಂತಿ ಇಟ್ಟಿರುವುದು ಸಾಮಾನ್ಯ. ಆ ತಂತಿಯನ್ನು ಹೊರಗೋಡೆಯಲ್ಲೇ ಬಿಡಿಸಿ ನಿಲ್ಲಿಸಬೇಕು, ಒಳಕ್ಕೆ ಗಾಜಿನ ಎಳೆ ಮಾತ್ರ ಹೋಗಬೇಕು.

ಆಮೇಲೆ ಬಟ್ಟೆ ಒಣಗಿಸುವ ತಂತಿ. ಅಡಿಕೆ ಮರದಿಂದ ಹಿಂಬದಿಯ ಕಂಬಕ್ಕೆ ಕಟ್ಟಿದ ಜಿಐ (ಸತುವಿನ ಕಲಾಯಿ ಹಾಕಿದ ಕಬ್ಬಿಣದ) ತಂತಿ ಎಷ್ಟು ಮನೆಯಲ್ಲಿಲ್ಲ? ಮರಕ್ಕೆ ಹೊಡೆದದ್ದು ನೇರವಾಗಿ ಬಚ್ಚಲಿನ ಬಾಗಿಲಿಗೆ ಬರಲು ಅದಕ್ಕಿಂತ ಸಲೀಸಾದ ದಾರಿ ಬೇಕಿಲ್ಲ. ನೈಲಾನ್ ಹಗ್ಗ ಕಟ್ಟಿ. ಇಡೀ ಲೇಖನದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಇದೊಂದೇ.

ಮರಗಳನ್ನೂ ನೋಡಿ. "ತೆಂಗಿನ ಮರ ಮನೆಗಿಂತ ಎತ್ತರ ಇದೆ, ಅದೇ ನಮ್ಮನ್ನು ಕಾಯುತ್ತದೆ" ಎಂಬ ನಂಬಿಕೆ ಊರಲ್ಲೆಲ್ಲ ಇದೆ. ಮರ ಒಳ್ಳೆಯ ವಾಹಕವಲ್ಲ. ಅದಕ್ಕೆ ಬಡಿದ ಸಿಡಿಲು ಅರ್ಧ ದಾರಿಯಲ್ಲಿ ಹತ್ತಿರದ ಇನ್ನೊಂದು ವಸ್ತುವಿಗೆ ಹಾರಬಹುದು. ಗೋಡೆಯಿಂದ ಮೂರು ಮೀಟರ್ ಒಳಗೆ ಕಾಂಡವಿದ್ದರೆ, ಅಥವಾ ಕೊಂಬೆ ಮಾಡಿನ ಮೇಲೆ ಚಾಚಿದ್ದರೆ, ಅದು ಕಾವಲುಗಾರನಲ್ಲ, ಕಳ್ಳನಿಗೆ ಇಟ್ಟ ಏಣಿ.

ನೆಲದ ಕೆಲಸ

ಹಣ ಮತ್ತು ಬೆವರು ಹೆಚ್ಚು ಹೋಗುವುದು ಇಲ್ಲಿಗೆ, ಹೋಗಬೇಕಾದ್ದೂ ಇಲ್ಲಿಗೇ.

ಒಂದು ಗುಂಡಿ ತೋಡಿ, ಇದ್ದಿಲು-ಉಪ್ಪು ಸುರಿದು, ಜಿಐ ಪೈಪು ನಿಲ್ಲಿಸುವುದು ನಮ್ಮ ಎಲೆಕ್ಟ್ರಿಷಿಯನ್ನರ ರೂಢಿ. ಮಲೆನಾಡಿನ ಮಳೆಗೆ ಉಪ್ಪು ಕೆಲವೇ ವರ್ಷದಲ್ಲಿ ತೊಳೆದುಹೋಗುತ್ತದೆ, ಇರುವಷ್ಟು ಕಾಲ ಪೈಪನ್ನು ತಿನ್ನುತ್ತದೆ. ಉಪ್ಪಿನ ಬದಲು ಬೆಂಟೊನೈಟ್ ಜೇಡಿ ಹಾಕಿಸಿ. ಅದು ತೇವ ಹಿಡಿದಿಡುತ್ತದೆ, ಲೋಹವನ್ನು ತಿನ್ನುವುದಿಲ್ಲ.

ಆದರೆ ಗುಂಡಿಯ ಒಳಗಿನದಕ್ಕಿಂತ ಗುಂಡಿಯ ಹೊರಗಿನ ಮಣ್ಣು ದೊಡ್ಡ ಪ್ರಶ್ನೆ. ಜಂಬಿಟ್ಟಿಗೆ ನೆಲ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಮಣ್ಣಿನ ರೋಧತೆ 300 ಓಮ್-ಮೀಟರ್ ಇದೆ ಎಂದಿಟ್ಟುಕೊಂಡರೆ, 3 ಮೀಟರ್ ಉದ್ದದ ಒಂದು ರಾಡ್ ಕೊಡುವ ರೋಧ ಸುಮಾರು 100 ಓಮ್. ನಮಗೆ ಬೇಕಾದದ್ದು 10ರ ಆಸುಪಾಸು. ಅದೇ ಮಣ್ಣಿನಲ್ಲಿ ಮನೆಯ ಸುತ್ತಲೂ 50 ಮೀಟರ್ ಪಟ್ಟಿಯನ್ನು ಉಂಗುರದ ಹಾಗೆ ಹೂತರೆ ಸುಮಾರು 12 ಓಮ್ ಸಿಗುತ್ತದೆ. ಆಳಕ್ಕಿಂತ ಉದ್ದ ಗೆಲ್ಲುತ್ತದೆ. ಬಂಡೆ ಸಿಗುವ ಜಾಗದಲ್ಲಂತೂ ಬೇರೆ ದಾರಿಯೇ ಇಲ್ಲ.

ಗೋಡೆಯಿಂದ ಸುಮಾರು ಒಂದು ಮೀಟರ್ ದೂರದಲ್ಲಿ, ಕನಿಷ್ಠ ಅರ್ಧ ಮೀಟರ್ ಆಳದಲ್ಲಿ ಸುತ್ತಲೂ ಚರಂಡಿ ತೆಗೆಸಿ. ನಮ್ಮಲ್ಲಿ ಇಬ್ಬರಿಗೆ ಮೂರು ದಿನ ಹಿಡಿಯಿತು. ಜಗುಲಿಯ ಮುಂದಿನ ಕಲ್ಲುಚಪ್ಪಡಿ ಎತ್ತುವುದಕ್ಕೇ ಒಂದು ದಿನ. ನೆಲದಡಿಗೆ 25×6 ಮಿ.ಮೀ. ಜಿಐ ಪಟ್ಟಿ ಹಾಕಿ. ನೆಲದ ಮೇಲೆ ಸಾಕಾಗುವ 25×3 ಪಟ್ಟಿಯನ್ನೇ ಕೆಳಗೂ ಹೂಳಲು ಅಂಗಡಿಯವರು ಹೇಳಬಹುದು. ಅದರ ಅಡ್ಡಕೊಯ್ತ 75 ಚದರ ಮಿ.ಮೀ. ಮಾತ್ರ, ಮಣ್ಣಿನಡಿಯ ಕಲಾಯಿ ಪಟ್ಟಿಗೆ 90 ಇರಬೇಕು. ಅಲ್ಯೂಮಿನಿಯಮ್ಮನ್ನು ಮಣ್ಣಿಗೆ ಸೋಕಿಸಲೇಬೇಡಿ, ಪುಡಿಯಾಗುತ್ತದೆ. ತಾಮ್ರ ಉತ್ತಮ, ಆದರೆ ಬೆಲೆ ಜಾಸ್ತಿ, ಖಾಲಿ ಬಿಟ್ಟುಹೋಗುವ ತೋಟದ ಮನೆಯಲ್ಲಿ ಕಳ್ಳತನದ ಭಯವೂ ಇದೆ. ಕೈಗೆ ಸಿಗುವ ಎತ್ತರದಲ್ಲಿ ತಾಮ್ರ ಹಾಕಿಸಿ ವರ್ಷದೊಳಗೆ ಕಳೆದುಕೊಂಡವರನ್ನು ಬಲ್ಲೆ. ಕಲಾಯಿ ಉಕ್ಕನ್ನು ಯಾರೂ ಕದಿಯುವುದಿಲ್ಲ.

ಮಾಡಿನಿಂದ ನೆಲಕ್ಕೆ ಇಳಿಯುವ ಪ್ರತಿ ಇಳಿಪಟ್ಟಿ ಉಂಗುರವನ್ನು ಸೇರುವಲ್ಲಿ 3 ಮೀಟರ್ ರಾಡ್ ಒಂದೊಂದನ್ನು ಬಡಿಸಿ. ಬಚ್ಚಲ ನೀರು ಹರಿಯುವ ಬಾಳೆಬುಡದ ಕಡೆ ಒಂದಾದರೂ ಇದ್ದರೆ ಬೇಸಿಗೆಯಲ್ಲೂ ತೇವ ಸಿಗುತ್ತದೆ. ಕೀಲುಗಳನ್ನು ಬೆಸುಗೆ ಹಾಕಿಸಿ, ಬೆಸುಗೆಯ ಜಾಗದಲ್ಲಿ ಕಲಾಯಿ ಸುಟ್ಟಿರುತ್ತದಾದ್ದರಿಂದ ಬಿಟುಮೆನ್ ಬಳಿಸಿ. ಮಣ್ಣು ಮುಚ್ಚುವ ಮೊದಲು ಫೋಟೊ ತೆಗೆದಿಡಿ. ಐದು ವರ್ಷದ ಮೇಲೆ ಕೀಲು ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಎರಡು ಅರ್ಥಿಂಗ್ ಬೇಡ

"ಸಿಡಿಲಿನ ಅರ್ಥಿಂಗ್ ಬೇರೆ, ಕರೆಂಟಿನ ಅರ್ಥಿಂಗ್ ಬೇರೆ, ಎರಡನ್ನೂ ಸೇರಿಸಿದರೆ ಸಿಡಿಲು ಮನೆಯೊಳಗೆ ಬರುತ್ತದೆ." ಈ ಮಾತನ್ನು ನನಗೆ ಹೇಳದ ಎಲೆಕ್ಟ್ರಿಷಿಯನ್ ಇಲ್ಲ. ಕೇಳಲು ಸರಿಯೆನಿಸುತ್ತದೆ. ಲೆಕ್ಕ ಹಾಕಿದರೆ ಉಲ್ಟಾ.

30 ಕಿಲೋ ಆಂಪಿಯರ್‌ನ ಸಾಧಾರಣ ಸಿಡಿಲೊಂದು 10 ಓಮ್ ಅರ್ಥಿಂಗ್‌ಗೆ ಇಳಿದರೆ, ಆ ಕ್ಷಣಕ್ಕೆ ಅಲ್ಲಿನ ವೋಲ್ಟೇಜ್ 3 ಲಕ್ಷ. ಕರೆಂಟಿನ ಅರ್ಥ್ ಬೇರೆಯೇ ಇದ್ದರೆ ಅದು ಇನ್ನೂ ಸೊನ್ನೆಯ ಹತ್ತಿರವೇ ಇರುತ್ತದೆ. ಹೊರಗೋಡೆಯ ಪಟ್ಟಿ 3 ಲಕ್ಷದಲ್ಲಿ, ಒಳಗೋಡೆಯ ಸ್ವಿಚ್‌ಬೋರ್ಡ್ ಸೊನ್ನೆಯಲ್ಲಿ, ನಡುವೆ ಒಂದಡಿ ಜಂಬಿಟ್ಟಿಗೆ. ಕಿಡಿ ಹಾರದೆ ಏನು ಮಾಡೀತು? ಎರಡನ್ನೂ ಕಟ್ಟಿದರೆ ಇಡೀ ಮನೆಯ ಲೋಹವೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಪ್ರವಾಹದಲ್ಲಿ ದೋಣಿಯ ಜೊತೆ ದೋಣಿಯೊಳಗಿನವರೂ ಏರಿದ ಹಾಗೆ, ಒಳಗಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಆದ್ದರಿಂದ ಮುಖ್ಯ ಸ್ವಿಚ್‌ಬೋರ್ಡಿನ ಕೆಳಗೆ ಒಂದು ಅರ್ಥ್ ಬಾರ್ ಕೂರಿಸಿ. ಉಂಗುರದಿಂದ ಒಂದು ಪಟ್ಟಿ, ಹಳೆಯ ಕರೆಂಟಿನ ಅರ್ಥ್, ನೀರಿನ ಕಬ್ಬಿಣದ ಪೈಪು, ಬೋರ್‌ವೆಲ್ ಕೇಸಿಂಗ್ ಹತ್ತಿರವಿದ್ದರೆ ಅದು, ಡಿಶ್ ಕೇಬಲ್ಲಿನ ಕವಚ, ಎಲ್ಲವೂ ಆ ಬಾರಿಗೆ ಬರಬೇಕು. ಬೋರ್ಡಿನ ಒಳಗೆ ಕೈಹಾಕುವ ಕೆಲಸ ಲೈಸೆನ್ಸ್ ಇರುವವರದು. ನೀವು ಪಕ್ಕದಲ್ಲಿ ನಿಂತು ನೋಡಿ, ಸಾಕು.

ಇಳಿಪಟ್ಟಿಗಳು

ಡೌನ್ ಕಂಡಕ್ಟರ್ ಎನ್ನುವುದನ್ನೇ ಇಳಿಪಟ್ಟಿ ಎಂದು ಕರೆಯುತ್ತಿದ್ದೇನೆ. ಎಷ್ಟು ಸಣ್ಣ ಮನೆಯಾದರೂ ಎರಡು ಇರಲಿ. ಮೂರನೇ ಹಂತದಲ್ಲಿ ಸುಮಾರು 15 ಮೀಟರಿಗೆ ಒಂದು ಎಂದು ಲೆಕ್ಕ. ನಮ್ಮ ಮನೆಯ ಸುತ್ತಳತೆ 42 ಮೀಟರ್, ಹಾಗಾಗಿ ಮೂರು. ಸಿಡಿಲು ಹಂಚಿಹೋದಷ್ಟೂ ಪ್ರತಿ ಪಟ್ಟಿಯ ಹೊರೆ ಕಡಿಮೆ, ಪಕ್ಕಕ್ಕೆ ಕಿಡಿ ಹಾರುವ ಸಂಭವವೂ ಕಡಿಮೆ.

ಎಷ್ಟು ಕಡಿಮೆ ಎನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ. ಪಟ್ಟಿಯ ಹತ್ತಿರ ಒಂದು ವಿದ್ಯುತ್ ವೈರ್ ಹಾದುಹೋಗಿದೆ, ಆ ಜಾಗದಿಂದ ಪಟ್ಟಿಯ ಗುಂಟ ಕೆಳಗಿನ ಉಂಗುರದವರೆಗೆ 8 ಮೀಟರ್ ಇದೆ ಅನ್ನಿ. ಇಳಿಪಟ್ಟಿ ಒಂದೇ ಇದ್ದರೆ 0.04ನ್ನು 8ರಿಂದ ಗುಣಿಸಿ: 32 ಸೆಂ.ಮೀ. ಗಾಳಿಯ ಅಂತರ ಬೇಕು. ಎರಡಿದ್ದರೆ ಅದನ್ನು 0.66ರಿಂದ ಗುಣಿಸಿ: 21 ಸೆಂ.ಮೀ. ನಡುವೆ ಗಾಳಿಯ ಬದಲು ಇಟ್ಟಿಗೆಯೋ ಮರವೋ ಇದ್ದರೆ ಅಂತರ ಎರಡು ಪಟ್ಟು. ಗೋಡೆ ಗಟ್ಟಿ, ಅದು ತಡೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಸಿಡಿಲಿಗೆ ಗೋಡೆ ಗಾಳಿಗಿಂತ ತೆಳು. ಮಲಗುವ ಕೋಣೆಯ ಗೋಡೆಯ ಆಚೆ ಬದಿಗೆ ಪಟ್ಟಿ ಬರದಂತೆ ನೋಡಿಕೊಳ್ಳಿ, ಅಥವಾ ಆ ಗೋಡೆಯ ಒಳಗಿನ ವೈರಿಂಗನ್ನು ಸರಿಸಿ.

ಪಟ್ಟಿ ಗಿಡ್ಡ ದಾರಿಯಲ್ಲಿ, ನೇರವಾಗಿ ಇಳಿಯಬೇಕು. ಮಿಂಚಿನ ವೇಗದಲ್ಲಿ ಏರುವ ಪ್ರವಾಹಕ್ಕೆ ಲೋಹದ ಪ್ರತಿ ಸೊಟ್ಟವೂ ಅಡ್ಡಗೋಡೆ. ಮಲೆನಾಡಿನ ಮನೆಯಲ್ಲಿ ಇಲ್ಲೊಂದು ತೊಡಕಿದೆ: ಮಳೆಗೆಂದು ಒಂದು ಮೀಟರ್ ಚಾಚಿದ ಸೂರು. ಪಟ್ಟಿಯನ್ನು ಸೂರಿನ ಅಂಚಿಗೆ ತಂದು, ಅಡಿಯಿಂದ ಮತ್ತೆ ಗೋಡೆಗೆ ಮಡಚಿ ಇಳಿಸಿದರೆ ಅದೊಂದು ಕೊಕ್ಕೆಯಾಗುತ್ತದೆ. ಸಿಡಿಲು ಕೊಕ್ಕೆ ಸುತ್ತದೆ ಸೂರನ್ನು ಸೀಳಿ ನೇರ ಹೋಗಬಹುದು. ಸೂರಿನ ಅಂಚಿನಿಂದ ನೇರ ಕೆಳಗೆ, ಪ್ರತ್ಯೇಕ ಕಲ್ಲುಕಂಬಕ್ಕೆ ಹಿಡಿಸಿ ಇಳಿಸುವುದೇ ಲೇಸು. ನೋಡಲು ಚೆಂದವಿಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸುವ ಮಾತು ನಡೆದಿತ್ತು. ನಾನು ಒಪ್ಪಲಿಲ್ಲ. ಹೂ ಕೊಯ್ಯಲು ಜನ ಅಲ್ಲಿಗೇ ಹೋಗುತ್ತಾರಲ್ಲ.

ಜಗುಲಿಯ ಕಂಬಗಳ ಮೇಲೆ ಪಟ್ಟಿ ಬೇಡವೇ ಬೇಡ. ಗುಡುಗುವಾಗ ಮಳೆ ನೋಡುತ್ತ ಒರಗಿ ಕೂರುವುದು ಅಲ್ಲಿಯೇ. ಮನೆಯ ಹಿಂದಿನ ಎರಡು ಮೂಲೆ, ಮುಂದೆ ಯಾರೂ ಓಡಾಡದ ಒಂದು ಮೂಲೆ ಆರಿಸಿಕೊಳ್ಳಿ. ಪಟ್ಟಿಯ ಬುಡದ ಸುತ್ತ ಮೂರು ಮೀಟರ್ ದೂರಕ್ಕೆ 15 ಸೆಂ.ಮೀ. ದಪ್ಪ ಜಲ್ಲಿ ಹಾಸಿದರೆ ಕಾಲಿನ ಮೂಲಕ ಹಾಯುವ ಆಘಾತ ಬಹಳ ಕಡಿಮೆಯಾಗುತ್ತದೆ. ದನ ಕಟ್ಟುವ ಗೂಟ ಅಲ್ಲಿಂದ ದೂರವಿರಲಿ. ನಾಲ್ಕು ಕಾಲುಗಳ ನಡುವಿನ ಅಂತರ ಹೆಚ್ಚಾದ್ದರಿಂದ ಹತ್ತಿರ ಬಿದ್ದ ಸಿಡಿಲಿಗೆ ಮನುಷ್ಯರಿಗಿಂತ ಮೊದಲು ಬಲಿಯಾಗುವುದು ಅವೇ.

ಪ್ರತಿ ಮೀಟರಿಗೊಂದು ಕ್ಲಾಂಪ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಬೋಲ್ಟ್ ಹಾಕಿದ ಒಂದು ಬಿಚ್ಚುಕೀಲು. ಅದನ್ನು ಬಿಚ್ಚಿ ಅರ್ಥಿಂಗ್ ಅಳೆಯಬಹುದು. ಮಳೆನೀರು ಹರಿಯುವ ತಗಡಿನ ದಂಬೆಯನ್ನು ಪಟ್ಟಿ ದಾಟುವಲ್ಲಿ ಎರಡಕ್ಕೂ ಸಂಪರ್ಕ ಕೊಡಿ.

ಮಾಡಿನ ಮೇಲೆ

ಇಷ್ಟಾದ ಮೇಲೆ ಸಲಾಕೆ. ಹಂಚಿನ ಮಾಡಿಗೆ ಐದು ಮೊನೆಯ ತ್ರಿಶೂಲದ ಅಗತ್ಯವಿಲ್ಲ. ಒಂದು ಮೀಟರ್ ಉದ್ದದ ಸಾದಾ ಸಲಾಕೆ ಎರಡು, ನೆತ್ತಿಯ ಎರಡು ತುದಿಗೆ. ನಡುವೆ ನೆತ್ತಿಯ ಗುಂಟ ಅವೆರಡನ್ನೂ ಸೇರಿಸುವ 8 ಮಿ.ಮೀ. ತಂತಿ.

ಸಾಕೇ ಎಂದು ತಿಳಿಯಲು 45 ಮೀಟರ್ ತ್ರಿಜ್ಯದ ಒಂದು ದೈತ್ಯ ಚೆಂಡನ್ನು ಕಲ್ಪಿಸಿಕೊಳ್ಳಿ. ಅದನ್ನು ಮನೆಯ ಮೇಲೆ ಉರುಳಿಸಿದಾಗ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಸಿಡಿಲು ತಾಗಬಹುದು. 12 ಮೀಟರ್ ಅಂತರದ ಎರಡು ಸಲಾಕೆಗಳ ನಡುವೆ ಆ ಚೆಂಡು ತಗ್ಗುವುದು ಕೇವಲ 40 ಸೆಂ.ಮೀ. ಸಲಾಕೆ ಒಂದು ಮೀಟರ್ ಇದ್ದರೆ ನೆತ್ತಿ ಹಂಚಿಗೆ ಚೆಂಡು ಮುಟ್ಟುವುದಿಲ್ಲ. ಇದೇ ಚೆಂಡು ಮಾಡಿನ ಮೇಲಿನ ಡಿಶ್ ಆಂಟೆನಾವನ್ನೋ ಸೋಲಾರ್ ನೀರಿನ ಟ್ಯಾಂಕನ್ನೋ ಮುಟ್ಟುತ್ತಿದ್ದರೆ, ಸಲಾಕೆ ಎತ್ತರಿಸಿ ಅಥವಾ ಆಂಟೆನಾ ಇಳಿಸಿ. ಇಳಿಸುವುದು ಸುಲಭ.

ಇನ್ನೂರು ಅಡಿ ಸುತ್ತಳತೆಗೆ ಒಂದೇ ಸಾಕು ಎಂದು ಹೊಳೆಯುವ ಉಂಡೆಯಂತಹ ಸಾಧನಗಳನ್ನು ಮಾರುವವರು ಬರುತ್ತಾರೆ. ಸಲಾಕೆಯ ನಿಜವಾದ ಎತ್ತರ-ಉದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತದೆ 62305. ಒಳಗಿನ ಯಂತ್ರದ ಹೆಸರಿನಲ್ಲಿ ಹೇಳುವ ಹೆಚ್ಚುವರಿ ದೂರಕ್ಕೆ ಅಲ್ಲಿ ಜಾಗವಿಲ್ಲ. ಆ ದುಡ್ಡಿಗೆ ಇನ್ನೊಂದು ಇಳಿಪಟ್ಟಿ ಬರುತ್ತದೆ.

ಹಂಚಿನ ಕೆಳಗೆ ಒಣಗಿದ ಮರ, ಅಟ್ಟದಲ್ಲಿ ಅಡಿಕೆ ಸಿಪ್ಪೆಯೋ ಹುಲ್ಲೋ ಇರುತ್ತದೆ. ತಂತಿಯನ್ನು ಮರಕ್ಕೆ ಒತ್ತಿ ಹಿಡಿಸಬೇಡಿ, ಹಂಚಿನ ಮೇಲೆ ಕುದುರೆಯಂತೆ ಕೂರುವ ಬ್ರಾಕೆಟ್ ಇಟ್ಟು ಮರದ ಭಾಗಗಳಿಂದ 10 ಸೆಂ.ಮೀ. ದೂರ ಇಡಿ. ಸೋಗೆಯ ಮಾಡಾದರೆ 15. ಹಂಚಿನ ಬದಲು ಬಣ್ಣದ ಶೀಟು ಹೊದಿಸಿದವರು "ಮಾಡೇ ಲೋಹ, ಸಲಾಕೆ ಯಾಕೆ" ಎನ್ನುತ್ತಾರೆ. ಉಕ್ಕಿನ ಶೀಟು ಅರ್ಧ ಮಿ.ಮೀ. ದಪ್ಪವಿದ್ದು, ತೂತಾದರೂ ಪರವಾಗಿಲ್ಲ, ಕೆಳಗೆ ಬೆಂಕಿ ಹಿಡಿಯುವಂಥದ್ದೇನೂ ಇಲ್ಲ ಎಂದಾದರೆ ಮಾತ್ರ ಆ ಮಾತು ಸರಿ. ಅದಕ್ಕಿಂತ ತೆಳುವಾದ ಶೀಟುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕೊಳ್ಳುವಾಗಿನ ಬಿಲ್ಲು ನೋಡಿ. ಸಲಾಕೆ ಹಾಕಿದರೂ ಶೀಟನ್ನು ಇಳಿಪಟ್ಟಿಗೆ ಸೇರಿಸಲೇಬೇಕು.

ತಾಮ್ರದ ಸಲಾಕೆಯಿಂದ ತೊಟ್ಟಿಕ್ಕುವ ನೀರು ಕಲಾಯಿ ತಗಡನ್ನು ತಿನ್ನುತ್ತದೆ, ಹಾಗಾಗಿ ಮೇಲಿನಿಂದ ಕೆಳಗಿನವರೆಗೆ ಒಂದೇ ಲೋಹ ಇರಲಿ. ಬೆರೆಸುವುದು ಅನಿವಾರ್ಯವಾದರೆ ಎರಡು ಲೋಹಕ್ಕೆಂದೇ ಮಾಡಿದ ಕ್ಲಾಂಪ್ ಕೇಳಿ.

ಮನೆಯೊಳಗೆ

ನಮ್ಮ ಇನ್ವರ್ಟರನ್ನು ಕೊಂದದ್ದು ಮಾಡಿಗೆ ಬಿದ್ದ ಸಿಡಿಲಲ್ಲ, ತಂತಿಯಲ್ಲಿ ಬಂದದ್ದು. ಹೊರಗೆ ಎಷ್ಟು ಚೆನ್ನಾಗಿ ಮಾಡಿದರೂ ಈ ದಾರಿ ತೆರೆದೇ ಇರುತ್ತದೆ. ಅದನ್ನು ಮುಚ್ಚುವುದು ಸರ್ಜ್ ಪ್ರೊಟೆಕ್ಟರ್, ಅಂಗಡಿಯ ಭಾಷೆಯಲ್ಲಿ ಎಸ್‌ಪಿಡಿ. ಮಾಡಿನ ಮೇಲೆ ಸಲಾಕೆ ಇದ್ದರೆ ಮುಖ್ಯ ಬೋರ್ಡಿನಲ್ಲಿ ಟೈಪ್ 1 (ಸಿಡಿಲಿನ ನೇರ ಪ್ರವಾಹವನ್ನೇ ತಾಳುವಂಥದ್ದು) ಇರಲೇಬೇಕು, ಟೈಪ್ 1 ಮತ್ತು 2 ಒಟ್ಟಿಗಿರುವುದು ಸಿಗುತ್ತದೆ. ತಂತಿಯಲ್ಲಿ ಬರುವ ಸಣ್ಣ ಹೊಡೆತಗಳಿಗಷ್ಟೇ ಆಗುವ ಟೈಪ್ 2 ಒಂದನ್ನೇ ಹಾಕಿ ಕೈತೊಳೆದುಕೊಳ್ಳುವುದು ಸಾಮಾನ್ಯ. ಪಂಪಿನ ಸ್ಟಾರ್ಟರ್ ಮನೆಯಿಂದ ಹತ್ತು ಮೀಟರಿಗಿಂತ ದೂರವಿದ್ದರೆ ಅಲ್ಲಿಗೆ ಇನ್ನೊಂದು ಟೈಪ್ 2, ಸೋಲಾರ್ ಫಲಕಗಳಿದ್ದರೆ ಡಿಸಿ ಬದಿಗೆ ಬೇರೆ.

ಈ ಡಬ್ಬಿಯ ಬೆಲೆಗಿಂತ ಅದರ ವೈರಿನ ಉದ್ದ ಮುಖ್ಯ. ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೋಹೆನ್ರಿ ಪ್ರೇರಕತೆ (ಪ್ರವಾಹದ ಏರಿಳಿತಕ್ಕೆ ವೈರು ಒಡ್ಡುವ ತಡೆ) ಇರುತ್ತದೆ. ಪ್ರವಾಹ ಮೈಕ್ರೋಸೆಕೆಂಡಿಗೆ 1 ಕಿಲೋ ಆಂಪಿಯರ್ ಏರಿದರೂ ಆ ಮೀಟರಿನ ಮೇಲೆ 1,000 ವೋಲ್ಟ್ ಬೀಳುತ್ತದೆ, ಅದು ನಿಮ್ಮ ಟಿವಿಗೆ ಸೇರುತ್ತದೆ. ಲೈನಿನಿಂದ ಡಬ್ಬಿಗೆ, ಡಬ್ಬಿಯಿಂದ ಅರ್ಥ್ ಬಾರಿಗೆ, ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ಚೆಂದಕ್ಕೆಂದು ಸುರುಳಿ ಸುತ್ತಿ ಟೈ ಕಟ್ಟಿದ ವೈರನ್ನು ಬಿಚ್ಚಿಸಿ, ಕತ್ತರಿಸಿ ಗಿಡ್ಡ ಮಾಡಿಸಿ. ಎಲೆಕ್ಟ್ರಿಷಿಯನ್ ಮುಖ ಸಣ್ಣದು ಮಾಡಿಕೊಂಡರೂ ಸರಿ.

ಅಳತೆ ಮತ್ತು ಆರೈಕೆ

ಬಿಲ್ಲು ಕೊಡುವ ಮೊದಲು ಅರ್ಥ್ ಟೆಸ್ಟರ್ ತರಿಸಿ ನಿಮ್ಮೆದುರೇ ಅಳೆಸಿ. ಎರಡು ಗೂಟಗಳನ್ನು ದೂರದಲ್ಲಿ ನೆಟ್ಟು ಅಳೆಯುವ ವಿಧಾನ ಅದು. ಮಲ್ಟಿಮೀಟರ್ ಹಿಡಿದು "ಕಂಟಿನ್ಯುಟಿ ಇದೆ" ಎಂದರೆ ಒಪ್ಪಬೇಡಿ. 10 ಓಮಿಗೆ ಬರದಿದ್ದರೆ ಉಂಗುರದಿಂದ ತೋಟದ ತೇವದ ಕಡೆಗೆ ಇನ್ನೊಂದು ಪಟ್ಟಿ ಎಳೆಯಬಹುದು. ಗಟ್ಟಿ ಬಂಡೆಯ ನೆಲದಲ್ಲಿ 15ಕ್ಕೆ ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ಉಂಗುರ ಪೂರ್ತಿಯಾಗಿ, ಒಳಗಿನ ಲೋಹವೆಲ್ಲ ಅದಕ್ಕೆ ಕಟ್ಟಿದ್ದರೆ ಆ ಅಂಕಿಗಿಂತ ಅದೇ ಹೆಚ್ಚು ಕಾಯುತ್ತದೆ.

ಇದೆಲ್ಲ ಮನೆಗೆ. ಅಂಗಳದಲ್ಲಿ ಅಡಿಕೆ ರಾಶಿ ಮುಚ್ಚಲು ಓಡುವವರಿಗೆ ಈ ಸಲಾಕೆಯಿಂದ ಯಾವ ಉಪಯೋಗವೂ ಇಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಒಳಗೆ ಬರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಒಳಗೇ ಇರಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) 'ಸಿಡಿಲು', ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ 'ದಾಮಿನಿ', ಎರಡೂ ಆ್ಯಪ್‌ಗಳು ಮೊಬೈಲಿನಲ್ಲಿ ಮುಂಚೆಯೇ ಎಚ್ಚರಿಸುತ್ತವೆ, ಸಿಗ್ನಲ್ ಇದ್ದ ಕಡೆ. ಕೊನೆಯದಾಗಿ ಅಡಿಕೆ ಕೊಯ್ಯುವ ಉದ್ದನೆಯ ದೋಟಿ: ಅಲ್ಯೂಮಿನಿಯಂ ಆಗಲಿ ಕಾರ್ಬನ್ ಫೈಬರ್ ಆಗಲಿ, ಎರಡೂ ವಿದ್ಯುತ್ ಹರಿಸುವಂಥವು. ಸೂರಿಗೆ ಒರಗಿಸಿ ನಿಲ್ಲಿಸುವ ಬದಲು ಅಡ್ಡ ಮಲಗಿಸಿಡಿ.

ನಾನು ಪ್ರತಿ ವರ್ಷ ಯುಗಾದಿ ಕಳೆದ ವಾರ ಒಂದು ಸುತ್ತು ಹಾಕುತ್ತೇನೆ. ಬಿಚ್ಚುಕೀಲುಗಳ ಬೋಲ್ಟ್ ತಿರುವಿ ನೋಡುವುದು, ಮಂಗಗಳು ಹಾರಿ ಬಾಗಿಸಿದ ಸಲಾಕೆ ನೆಟ್ಟಗೆ ಮಾಡುವುದು, ಎಸ್‌ಪಿಡಿಯ ಕಿಟಕಿ ಹಸಿರೋ ಕೆಂಪೋ ನೋಡುವುದು. ಹೋದ ಸಲ ಮೂರೂ ಸರಿಯಿದ್ದವು. ಹಿತ್ತಿಲಿನಲ್ಲಿ ಮಾತ್ರ ಯಾರೋ ನೈಲಾನ್ ಹಗ್ಗ ಬಿಚ್ಚಿ, ಗಟ್ಟಿಯಿರಲಿ ಎಂದು ಮತ್ತೆ ಜಿಐ ತಂತಿ ಕಟ್ಟಿದ್ದರು.